ಲೈನಿಗೆ ಒತ್ತೆಯಿಟ್ಟ ಎಡಗಾಲ ಚಪ್ಪಲಿ

ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ಅಪರಿಚಿತರು, ಅನ್ನಕ್ಕೆ ಸಾರು ಬರುವಷ್ಟರಲ್ಲಿ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: “ಯಾವ ಲೈನ್‌ದಾಗ ಇದ್ರಿ?” ವ್ಯಾಪಾರವೋ, ಮಾಸ್ತರಿಕೆಯೋ, ಒಕ್ಕಲುತನವೋ ತಿಳಿದುಕೊಳ್ಳಬೇಕೆಂದು ಅವರ ಆಸೆ. ನಾನು “ಲೈನಿನಾಗೇ ಇದ್ದೆ” ಎನ್ನುತ್ತೇನೆ. ಹೇಳಲು ಮನಸ್ಸಿಲ್ಲದೆ ಜಾರಿಕೊಂಡ ಎಂದುಕೊಂಡು ಅವರು ಹೋಳಿಗೆಯ ಕಡೆ ತಿರುಗುತ್ತಾರೆ. ನಾನೂ ತುಪ್ಪ ಹಾಕಿಸಿಕೊಳ್ಳುತ್ತೇನೆ.

ನನ್ನ ಹೆಸರು ಮರೆಪ್ಪ. ದೋರನಹಳ್ಳಿಯವನು. ಕರೆಂಟ್ ಇಲಾಖೆಯಲ್ಲಿ ಲೈನ್‌ಮ್ಯಾನ್ ಆಗಿ ಶಹಾಪುರ, ಸುರಪುರ, ಕಡೆಗೆ ಯಾದಗಿರಿಯಲ್ಲಿ ದುಡಿದು ಮನೆಗೆ ಬಂದವನು. ಈಗ ಸೇರುವವರಿಗೆ ಪವರ್‌ಮ್ಯಾನ್ ಎಂಬ ಹೊಸ ಹೆಸರಿದೆ, ಹೊಸ ಹೆಲ್ಮೆಟ್ ಇದೆ, ಕೈಯಲ್ಲಿ ಮೊಬೈಲ್ ಇದೆ. ಅವರಲ್ಲಿ ಕೆಲವರು ಸಂಜೆ ನಮ್ಮ ಕಟ್ಟೆಗೆ ಬಂದು ಚಹಾ ಕುಡಿಯುತ್ತ, “ಕಾಕಾ, ನಿಮ್ಮ ಕಾಲದಾಗ ಹೆಂಗಿತ್ತು ಹೇಳ್ರಿ” ಎಂದು ಕೂರುತ್ತಾರೆ. ಹೇಳಿದ್ದನ್ನೇ ಹೇಳಿ ನನ್ನ ಗಂಟಲು ಒಣಗಿತು. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ. ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿಲ್ಲ. ನಾನು ಜಂಬದಿಂದ ಹೇಳಿಕೊಳ್ಳಬಹುದಾದದ್ದು ಒಂದೇ: ನನ್ನ ಜೊತೆ ಕಂಬ ಏರಿದವರೆಲ್ಲ ತಮ್ಮ ಕಾಲ ಮೇಲೆ ಇಳಿದು ಮನೆಗೆ ಹೋದರು. ಒಂದು ದಿನ ಮಾತ್ರ ಅದು ತಪ್ಪಿಹೋಗುವುದರಲ್ಲಿತ್ತು. ಆ ದಿನದ ಕತೆಗೆ ಬರುವ ಮೊದಲು ಲೈನ್ ಎಂಬ ಮಾತನ್ನೇ ಸ್ವಲ್ಪ ಬಿಡಿಸಬೇಕು.

ಇಷ್ಟು ಸಣ್ಣ ಇಂಗ್ಲಿಷ್ ಮಾತನ್ನು ನಮ್ಮ ಸೀಮೆಯವರು ದುಡಿಸಿಕೊಂಡಷ್ಟು ಇಂಗ್ಲಿಷಿನವರೂ ದುಡಿಸಿಕೊಂಡಿರಲಾರರು. ಯಾದಗಿರಿಯಲ್ಲಿ “ಲೈನ್ ಆಚಿ ಕಡೆ” ಎಂದರೆ ರೈಲು ಹಳಿಯ ಆ ಮಗ್ಗುಲು. ಸುರಪುರದಲ್ಲಿ ಬಾಡಿಗೆ ಮನೆ ಹುಡುಕಿದಾಗ “ಪೊಲೀಸ್ ಲೈನಿನ ಹಿಂದ” ಎಂದು ದಾರಿ ತೋರಿಸಿದರು. ನಲ್ಲಿಯ ಮುಂದೆ ಕೊಡ ಹಿಡಿದು ನಿಂತವರದೂ ಲೈನು, ರೇಷನ್ ಅಂಗಡಿಯ ಮುಂದೆ ಚೀಲ ಇಟ್ಟು ಮರದ ನೆರಳಿಗೆ ಕೂತವರದೂ ಲೈನು. ಫೋನ್ ಕೂಗದಿದ್ದರೆ “ಲೈನ್ ಸಿಗವಲ್ದು”. ಉಡಾಳನೊಬ್ಬ ಮದುವೆಯಾಗಿ ತೆಪ್ಪಗಾದರೆ “ಲೈನಿಗೆ ಬಂದ”. ಮನೆಯಲ್ಲಿ ಫ್ಯಾನ್ ನಿಂತರೆ “ಲೈನ್ ಹೋತು” ಎಂದು ಬಾಯಿ ಮಾಡುವುದು ನೇರವಾಗಿ ನನಗೆ.

ಅದರಲ್ಲೂ ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಲೈನ್ ಎಂದರೆ ಜನಕ್ಕೆ ಮೊದಲು ನೆನಪಾಗುತ್ತಿದ್ದದ್ದು ಕಾಲುವೆ. ಕಾಲುವೆಯ ಒಳಮೈಗೆ ಕಲ್ಲು, ಸಿಮೆಂಟು ಹಾಸುವ ಕೆಲಸಕ್ಕೆ ಗುತ್ತಿಗೆದಾರರು ಇಟ್ಟ ಹೆಸರು ಲೈನಿಂಗ್. ನಮ್ಮ ಕೂಲಿ ಮಂದಿ ಅದರ ಬಾಲ ಕತ್ತರಿಸಿ ಲೈನ್ ಎಂದರು. ದೋರನಹಳ್ಳಿಯ ಅರ್ಧ ಊರು ಬುತ್ತಿ ಕಟ್ಟಿಕೊಂಡು “ಲೈನಿಗೆ ಹೋಗಿ ಬರ್ತೀವಿ” ಎಂದು ಹೋಗುತ್ತಿತ್ತು. ನಮ್ಮ ಅಪ್ಪ ಅವ್ವನೂ ಹೋಗುತ್ತಿದ್ದರು. ನನಗೆ ನೌಕರಿಯ ಹುಕುಂ ಬಂದ ದಿನ ನಮ್ಮ ಅವ್ವ ಓಣಿಗೆಲ್ಲ ಸಕ್ಕರೆ ಹಂಚಿ, “ನನ್ನ ಮಗಂದೂ ಲೈನಿನಾಗೇ ಕೆಲಸ, ಆದ್ರ ಬುಟ್ಟಿ ಹೊರೂದಿಲ್ಲ” ಎಂದಳು. ಬುಟ್ಟಿ ಹೊರದ ಕೆಲಸ ಎಂಬುದೇ ಅವಳಿಗೆ ದೊಡ್ಡ ಸಮಾಧಾನ. ಕಂಬ ಏರುವ ಕೆಲಸ ಎಂದು ನಾನು ಅವತ್ತು ಹೇಳಲಿಲ್ಲ.

ಕಾಲುವೆಗೆ ನೀರು ಬಂದ ಮೇಲೆ ನಮ್ಮ ಕೆಲಸದ ರೂಪವೇ ಬದಲಾಯಿತು. ಅದಕ್ಕಿಂತ ಮೊದಲು ಒಂದು ಊರಿಗೆ ನಾಲ್ಕು ಬೀದಿ ದೀಪ, ಗೌಡರ ಮನೆಗೊಂದು ರೇಡಿಯೊ. ನೀರು ಬಂದದ್ದೇ ತಡ, ಕಾಲುವೆಯ ಏರಿಯ ಗುಂಟ ಮೋಟರುಗಳು ಕೂತವು, ಜೋಳ ಹೋಗಿ ನೆಲ್ಲು, ಮೆಣಸಿನಕಾಯಿ ಬಂದವು, ಕರೆಂಟ್ ಎಂಬುದು ಜನಕ್ಕೆ ಅನ್ನದ ಮಾತಾಯಿತು. ಇತ್ತ ನಮ್ಮ ಕಪ್ಪು ಎರಿ ಮಣ್ಣು ನೀರು ಕುಡಿದು ಮೆತ್ತಗಾಗಿ, ವರ್ಷಗಟ್ಟಲೆ ನೆಟ್ಟಗಿದ್ದ ಕಂಬಗಳು ಕುಡಿದವರ ಹಾಗೆ ವಾಲತೊಡಗಿದವು. ಇವತ್ತು ನಿಲ್ಲಿಸಿ ಬಂದ ಕಂಬ ಮುಂದಿನ ವಾರ ಮತ್ತೆ ಸೊಂಟ ಬಗ್ಗಿಸಿಕೊಂಡು ನಿಂತಿರುತ್ತಿತ್ತು. ಬೈಸಿಕೊಳ್ಳುವುದು ನಮ್ಮ ಪಗಾರದಲ್ಲೇ ಸೇರಿದೆ ಎಂದು ತಿಳಿದು ನಾವು ಹಗ್ಗ ಹೆಗಲಿಗೆ ಹಾಕಿಕೊಳ್ಳುತ್ತಿದ್ದೆವು.

ನಾವು ಎಂದರೆ ನಾನು ಮತ್ತು ಸಾಯಿಬಣ್ಣ. ಅವನು ತಿಂಥಣಿಯವನು, ನನಗಿಂತ ಎರಡು ವರ್ಷ ಹಿರಿಯ, ಕೃಷ್ಣೆಯಲ್ಲಿ ಈಜಿ ಬೆಳೆದ ಗಟ್ಟಿ ಆಳು. ಮಾತೆತ್ತಿದರೆ ತಮ್ಮೂರ ದೇವರು ಮೌನಪ್ಪಯ್ಯನ ಆಣೆ ಹಾಕುತ್ತಿದ್ದ. ಮೌನದ ದೇವರ ಆಣೆ ಹಾಕಿ ಅಷ್ಟೊಂದು ಮಾತಾಡುವ ಇನ್ನೊಬ್ಬನನ್ನು ನಾನು ಕಂಡಿಲ್ಲ. ಒಮ್ಮೆ ಸುರಪುರದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಎದುರಿನ ಕಂಬದ ತಂತಿ ಬದಲಿಸುವ ಕೆಲಸ ವಾರದವರೆಗೆ ನಡೆಯಿತು. ಹಾಸ್ಟೆಲಿನ ಮೇಡಮ್ಮು ಸಿಟ್ಟಿನಿಂದ ನಮ್ಮ ಸೆಕ್ಷನ್ ಸಾಹೇಬರ ಹತ್ತಿರ ಬಂದು, “ನಿಮ್ಮ ಮಂದಿ ದಿನಾ ನಮ್ಮ ಕಿಡಕಿ ಮುಂದ ಬಂದು ಲೈನ್ ಹೊಡಿಯಾಕತ್ತಾರ” ಎಂದರು. ಸಾಹೇಬರು ಕೆಂಪಾಗಿ ನಮ್ಮನ್ನು ಕರೆಸಿದರು. ಸಾಯಿಬಣ್ಣ ಕೈಕಟ್ಟಿ ನಿಂತು, “ಹೊಡದಿಲ್ರಿ ಸಾಹೇಬ್ರ, ಬರೇ ಎಳದೀವಿ” ಎಂದ. ಮೇಡಮ್ಮಿಗೂ ನಗು ತಡೆಯಲಿಲ್ಲ. ಅವರೇ ಮರುದಿನ ನಮಗೆ ಚಹಾ ಕಳಿಸಿದರು.

ಇನ್ನು ನಮ್ಮ ಕೆಲಸದಲ್ಲಿ ನಗೆಯಾಡದ ಒಂದೇ ಒಂದು ಲೈನಿತ್ತು. ಅದು ಲೈನ್ ಕ್ಲಿಯರ್, ಬಾಯಿಮಾತಿನಲ್ಲಿ ಎಲ್‌ಸಿ. ಹೊಸಬರು ಇದನ್ನು ಎರಡು ಸಲ ಓದಬೇಕು. ಕಂಬ ಏರುವ ಮೊದಲು ನಾವು ಸಬ್‌ಸ್ಟೇಷನ್ನಿಗೆ ಹೋಗಿ ಅಲ್ಲಿನ ಆಪರೇಟರನ ಕೈಯಿಂದ ಎಲ್‌ಸಿ ತೆಗೆದುಕೊಳ್ಳಬೇಕು. ಅವನು ಆ ಲೈನಿನ ಕರೆಂಟ್ ತೆಗೆದು, ಪುಸ್ತಕದಲ್ಲಿ ನಮ್ಮ ಹೆಸರು ಬರೆಯುತ್ತಾನೆ. ನಾವು ಕೆಲಸ ಮುಗಿಸಿ ತಿರುಗಿ ಬಂದು, “ಮಂದಿ, ಸಾಮಾನು ಎಲ್ಲಾ ಇಳದಾವ, ಎಲ್‌ಸಿ ವಾಪಸ್” ಎಂದು ಹೇಳುವವರೆಗೆ ಯಾರು ಬಂದು ಬಡಿದಾಡಿದರೂ ಅವನು ಕರೆಂಟ್ ಬಿಡುವಂತಿಲ್ಲ. ಕಂಬದ ಮೇಲೆ ಬರಿಗೈಯಲ್ಲಿ ತಂತಿ ಹಿಡಿದವನ ಜೀವ ಇರುವುದು ಹರದಾರಿ ದೂರದಲ್ಲಿ ಕೂತ ಆಪರೇಟರನ ನೆನಪಿನಲ್ಲಿ. ಆ ನೆನಪು ಗಟ್ಟಿ ಇರಬೇಕು, ಅಷ್ಟೇ.

ಆದರೆ ನೆನಪು ಲೈನ್‌ಮ್ಯಾನನಿಗೂ ಇರಬೇಕಲ್ಲ. ಒಂದು ಸಲ ಸಾಯಿಬಣ್ಣ ಎಲ್‌ಸಿ ತೆಗೆದುಕೊಂಡು ತಿಂಥಣಿ ಕಡೆ ಕೆಲಸಕ್ಕೆ ಹೋದವನು, ಕೆಲಸ ಮುಗಿಸಿ, ಅಲ್ಲೇ ಊರಾಯಿತು ಎಂದು ಅಕ್ಕನ ಮನೆಗೆ ಹೋಗಿ ಉಂಡು ಮಲಗಿಬಿಟ್ಟ. ವಾಪಸ್ ಹೇಳುವುದು ಮರೆತೇಹೋಯಿತು. ಇತ್ತ ಆಪರೇಟರ್ ಪಾಪ ನಿಯಮದವನು, ಕರೆಂಟ್ ಬಿಡಲೊಲ್ಲ. ಏಳೆಂಟು ಹಳ್ಳಿ ದಿನವಿಡೀ ಬೆವತವು. ಹಿಟ್ಟಿನ ಗಿರಣಿಯ ಮುಂದೆ ಚೀಲಗಳು ಸಾಲುಗಟ್ಟಿದವು. ಸಾಯಿಬಣ್ಣ ಸತ್ತಿರಬೇಕು ಎಂದು ಸುದ್ದಿ ಹಬ್ಬಿ ಅವನ ಹೆಂಡತಿ ಅಳುತ್ತ ಬಂದಳು. ಹೊತ್ತು ಇಳಿದ ಮೇಲೆ ಎದ್ದು ಬಂದವನನ್ನು ಕಂಡು ಅವಳ ಅಳು ನಿಂತಿತು, ಬೈಗುಳ ಶುರುವಾಯಿತು. ಸಾಹೇಬರ ಬೈಗುಳ ಅವಳದರ ಮುಂದೆ ಏನೇನೂ ಅಲ್ಲ.

ಅವಮಾನದಿಂದ ಕುದ್ದ ಸಾಯಿಬಣ್ಣ ಮರುದಿನವೇ ಒಂದು ಪದ್ಧತಿ ಹೂಡಿದ. ಎಲ್‌ಸಿ ತೆಗೆದುಕೊಂಡವನು ತನ್ನ ಎಡಗಾಲ ಚಪ್ಪಲಿಯನ್ನು ಸಬ್‌ಸ್ಟೇಷನ್ನಿನ ಒಳಗೆ, ಸ್ವಿಚ್ಚುಗಳಿರುವ ಪ್ಯಾನಲ್ಲಿನ ಎದುರಿಗೆ ಬಿಟ್ಟು ಹೋಗಬೇಕು. “ಒಂದು ಕಾಲಾಗ ಕೆರ ಹಾಕ್ಕೊಂಡು ಯಾವ ಮಗ ಅಕ್ಕನ ಮನಿಗಿ ಉಣ್ಣಾಕ ಹೋಗ್ತಾನ ನೋಡೋಣು” ಎಂದ. ನಮಗೆ ಕೊಟ್ಟ ಬೂಟು ಕಂಬ ಏರಲು ಬಾರದು. ಏರುವಾಗ ಹೇಗೂ ಬರಿಗಾಲು. ಆದರೆ ಕಂಬದವರೆಗಿನ ದಾರಿಯಲ್ಲಿ ಜಾಲಿ ಮುಳ್ಳು. ಎಡಗಾಲಿಗೆ ಚುಚ್ಚಿದಾಗೆಲ್ಲ, ಲೈನು ನಮ್ಮ ಹೆಸರಿನಲ್ಲಿದೆ ಎಂದು ನೆನಪಾಗುತ್ತಿತ್ತು. ಅತ್ತ ಆಪರೇಟರನ ಕಣ್ಣೆದುರು ಚಪ್ಪಲಿ ಕೂತಿರುತ್ತಿತ್ತು. ಒಂಟಿ ಚಪ್ಪಲಿಯನ್ನು ಕಳ್ಳನೂ ಕದಿಯುವುದಿಲ್ಲ. ಸಾಹೇಬರು ಮೊದಮೊದಲು ನಕ್ಕರು, ಆಮೇಲೆ ಒಪ್ಪಿಕೊಂಡರು. ನಮ್ಮ ಸೆಕ್ಷನ್ನಿನ ಎಲ್ಲ ತಂಡಗಳಲ್ಲೂ ಇದೇ ರೂಢಿಯಾಯಿತು.

ಈ ರೂಢಿ ನನ್ನ ಹೆಂಡತಿ ನಾಗಮ್ಮನವರೆಗೂ ಹೋಯಿತು. ಸಂಜೆ ಬಾಗಿಲಿಗೆ ಬಂದಾಗ ಅವಳು ನನ್ನ ಮುಖ ನೋಡುವುದನ್ನೇ ಬಿಟ್ಟಳು. ಮೊದಲು ಕಾಲು ನೋಡುವಳು. ಎರಡೂ ಚಪ್ಪಲಿ ಇದ್ದರೆ ಇವತ್ತಿನ ಲೈನಿನ ಕೆಲಸ ಮುಗಿದಿದೆ, ಮನುಷ್ಯ ಪೂರ್ತಿ ಮನೆಗೆ ಬಂದಿದ್ದಾನೆ ಎಂದು ಲೆಕ್ಕ. ಒಂದೇ ಇದ್ದರೆ ಯಾವುದೋ ಸಾಮಾನಿಗೆ ನಡುವೆ ಬಂದಿದ್ದೇನೆ, ಮತ್ತೆ ಕಂಬಕ್ಕೆ ಹೋಗುವವನಿದ್ದೇನೆ. ಆಗ ನೀರು ಕೊಟ್ಟು, ನಾನು ಓಣಿ ದಾಟುವವರೆಗೆ ಬಾಗಿಲಲ್ಲೇ ನಿಲ್ಲುವಳು. “ಯಾಕ ಇಷ್ಟು ಹೆದರ್ತಿ?” ಎಂದು ನಾನು ಒಮ್ಮೆ ಕೇಳಿದ್ದೆ. “ನೀವು ಕಂಬದ ಮ್ಯಾಲ ಇರ್ತೀರಿ, ಹೆದರಾಕ ನಿಮಗ ಪುರಸತ್ತು ಎಲ್ಲೈತಿ? ನಿಮ್ಮ ಪಾಲಿಂದೂ ನಾನೇ ಹೆದರ್ತೀನಿ” ಎಂದಿದ್ದಳು.

ನಾಲ್ಕೈದು ವರ್ಷ ಈ ಪದ್ಧತಿ ಚೆನ್ನಾಗಿ ನಡೆಯಿತು. ಆಮೇಲೆ ನಮ್ಮ ಸಬ್‌ಸ್ಟೇಷನ್ನಿಗೆ ನರಸಪ್ಪ ಎಂಬ ಆಪರೇಟರ್ ಬಂದ. ಗುರುಮಿಠಕಲ್ ಕಡೆಯವನು, ಮಾತಿನ ನಡುವೆ ತೆಲುಗು ನುಸುಳುತ್ತಿತ್ತು. ಅಕ್ಷರ ದುಂಡಗೆ, ಅಂಗಿ ಬೆಳ್ಳಗೆ, ಮುಖ ಬಿಗಿ. ಒಳಗೆ ಕಾಲಿಟ್ಟ ಮೊದಲ ದಿನವೇ ಪ್ಯಾನಲ್ಲಿನ ಮುಂದಿನ ಚಪ್ಪಲಿಗಳನ್ನು ಕಂಡು, “ಏಮಣ್ಣಾ, ಇದು ಆಫೀಸ ಅದನೋ, ಗುಡಿ ಬಾಗಲ ಅದನೋ? ಬುಕ್ಕಿನಾಗ ಬರದಿರ್ತೀನಲ್ಲ, ಈ ಕೆರ ಯಾಕ ಬೇಕು?” ಎಂದ. ಸಾಯಿಬಣ್ಣ, “ಬುಕ್ಕಿಗಿ ಮುಳ್ಳು ಚುಚ್ಚಂಗಿಲ್ಲ ನರಸಪ್ಪ” ಎಂದ. ನರಸಪ್ಪ ಮುಖ ಗಂಟು ಹಾಕಿದ. ಚಪ್ಪಲಿ ಬಿಡುವುದನ್ನು ನಾವು ಬಿಡಲಿಲ್ಲ, ಗೊಣಗುವುದನ್ನು ಅವನು ಬಿಡಲಿಲ್ಲ.

ಸಾಯಿಬಣ್ಣನಿಗೆ ಇದೊಂದು ತಮಾಷೆ. ನನಗೆ ಹಾಗಲ್ಲ. ನಮ್ಮದು ಬುದ್ಧನ ಫೋಟೊ ಇರುವ ಮನೆ. ಅದಕ್ಕಿಂತ ಹಿಂದೆ ನಮ್ಮ ಅಜ್ಜ ಗೌಡರ ವಾಡೆಯ ಮುಂದೆ ಕೆರ ಕೈಯಲ್ಲಿ ಹಿಡಿದು ನಡೆದವನು. ಚಪ್ಪಲಿಯ ಮಾತು ಬಂದರೆ ನಮಗೆ ಬೇರೆಯವರಿಗಿಂತ ಬೇಗ ಚುರುಕ್ಕೆನ್ನುತ್ತದೆ. ಈ ನರಸಪ್ಪನ ಕಣ್ಣಿಗೆ ಚುಚ್ಚುವುದು ಎಲ್ಲರ ಚಪ್ಪಲಿಯೋ, ನನ್ನ ಚಪ್ಪಲಿಯೋ ಎಂಬ ಅನುಮಾನ ನನ್ನ ಮನಸ್ಸಿನಲ್ಲಿ ಕೂತಿತ್ತು. ಕೇಳಲಿಲ್ಲ. ಕೇಳದೆ ಅವನೊಂದಿಗೆ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಿದ್ದೆ.

ಆ ವರ್ಷ ಖಂಡೆ ಪೂಜೆಯ ದಿನ, ಅಂದರೆ ದಸರೆಯ ಹಿಂದಿನ ಆಯುಧ ಪೂಜೆಯ ದಿನ, ನಸುಕಿನ ಗಾಳಿ ಮಳೆಗೆ ಕಾಲುವೆ ಗುಂಟದ ಲೈನು ಎರಡು ಕಡೆ ಕೆಟ್ಟಿತು. ಒಂದು ಸಬ್‌ಸ್ಟೇಷನ್ನಿನ ಹತ್ತಿರ, ಇನ್ನೊಂದು ದೂರದ ಏರಿಯ ಮೇಲೆ. ಹಬ್ಬದ ದಿನ ಯಾರು ಹೋಗುತ್ತಾರೆ? ನಮ್ಮ ಮನೆಯಲ್ಲಿ ಖಂಡೆ ಪೂಜೆ ಇಲ್ಲ. ಮರುದಿನ ದಸರೆಗೆ ನಮ್ಮ ಬುದ್ಧ ವಿಹಾರದಲ್ಲಿ ಕಾರ್ಯಕ್ರಮವಿತ್ತು, ಅವತ್ತು ನನಗೆ ರಜೆ ಬೇಕಿತ್ತು. ಆದ್ದರಿಂದ ದೂರದ ಕೆಲಸ ನಾನೇ ಕೇಳಿ ಪಡೆದೆ. ಸಾಯಿಬಣ್ಣ, “ನೀ ಒಬ್ಬನೇ ಹೋದ್ರ ನನಗ ಹೋಳಿಗಿ ಇಳಿಯಾಂಗಿಲ್ಲ” ಎಂದು ಜೊತೆಗೆ ಬಂದ. ಹತ್ತಿರದ ಕೆಲಸಕ್ಕೆ ಇನ್ನೊಂದು ತಂಡ. ಎರಡೂ ತಂಡದವರು ಬೆಳಿಗ್ಗೆ ಒಟ್ಟಿಗೇ ಎಲ್‌ಸಿ ತೆಗೆದುಕೊಂಡು, ಎಡಗಾಲ ಚಪ್ಪಲಿಗಳನ್ನು ಸಾಲಾಗಿ ಬಿಟ್ಟು ಹೊರಟೆವು. ಬೆಳಗಿನ ಪಾಳಿಯ ಆಪರೇಟರ್ ಪೂಜೆಯ ಗಡಿಬಿಡಿಯಲ್ಲಿದ್ದ. ಲೈನು ಒಂದೇ ಅಲ್ಲವೇ ಎಂದು ಎರಡು ತಂಡಕ್ಕೂ ಸೇರಿಸಿ ಒಂದೇ ಎಲ್‌ಸಿ ಬರೆದ. ಅವನ ಹೆಸರು ಇಲ್ಲಿ ಬೇಡ.

ಕಂಬದ ಮೇಲೆ ಕೆಲಸ ಮಾಡುವಾಗ ಮೂರೂ ತಂತಿಗೆ ಒಂದು ಸರಪಳಿ ಬಿಗಿದು ಅದರ ತುದಿಯನ್ನು ನೆಲಕ್ಕೆ ಇಳಿಸುತ್ತಾರೆ. ಯಾರಾದರೂ ತಪ್ಪಿ ಕರೆಂಟ್ ಬಿಟ್ಟರೂ ಅದು ನೆಲಕ್ಕೆ ಹೋಗುತ್ತದೆ, ಮನುಷ್ಯ ಉಳಿಯುತ್ತಾನೆ. ನಮ್ಮ ಸೆಕ್ಷನ್ನಿಗೆ ಆಗ ಇದ್ದದ್ದು ಒಂದೇ ಸರಪಳಿ. ಅದು ಕರೆಂಟ್ ಹೊರಡುವ ಮೂಲದ ಹತ್ತಿರ, ಆ ತಂಡದವರ ಜಾಗದಲ್ಲಿರಲಿ, ಅಲ್ಲಿ ಬಿಗಿದರೆ ಇಬ್ಬರಿಗೂ ಆಗುತ್ತದೆ ಎಂದು ಮಾತಾಗಿತ್ತು. ಮಾತೇನೋ ಸರಿಯಾಗಿಯೇ ಇತ್ತು. ಆ ತಂಡದ ಕೆಲಸ ಮಧ್ಯಾಹ್ನಕ್ಕೆ ಮುಗಿಯಿತು. ಅವರು ಸರಪಳಿ ಬಿಚ್ಚಿಕೊಂಡು, ಸಬ್‌ಸ್ಟೇಷನ್ನಿಗೆ ಹೋಗಿ, “ನಮ್ಮದು ವಾಪಸ್” ಎಂದು ಹೇಳಿ, ತಮ್ಮ ಚಪ್ಪಲಿ ಮೆಟ್ಟಿ ಹಬ್ಬದೂಟಕ್ಕೆ ನಡೆದರು. ಬೆಳಗಿನ ಆಪರೇಟರ್ ಪುಸ್ತಕದಲ್ಲಿದ್ದ ಆ ಒಂದೇ ಎಲ್‌ಸಿಯನ್ನು ಮುಗಿಯಿತೆಂದು ಹೊಡೆದುಹಾಕಿ ಅವನೂ ಮನೆಗೆ ಹೋದ. ನಾವಿಬ್ಬರು ಇನ್ನೂ ಏರಿಯ ಮೇಲಿನ ಕಂಬದ ತುದಿಯಲ್ಲಿದ್ದೆವು.

ಆಮೇಲೆ ಸಬ್‌ಸ್ಟೇಷನ್ನಿನಲ್ಲಿ ನಡೆದದ್ದನ್ನು ನಾನು ನರಸಪ್ಪನ ಬಾಯಿಂದ, ಅಲ್ಲಿ ನೆರೆದಿದ್ದ ರೈತರ ಬಾಯಿಂದ ಎಷ್ಟೋ ಸಲ ಕೇಳಿದ್ದೇನೆ. ನರಸಪ್ಪ ಮಧ್ಯಾಹ್ನದ ಪಾಳಿಗೆ ಬಂದಾಗ ಒಳಗೆಲ್ಲ ಸಾರಿಸಿ ತೊಳೆದಿತ್ತು. ಪ್ಯಾನಲ್ಲಿಗೆ ಕುಂಕುಮ, ಚೆಂಡು ಹೂವಿನ ಹಾರ, ಎರಡು ಕಡೆ ಬಾಳೆಕಂದು. ಅದರ ಎದುರಿಗೆ ಒಂದು ಚಪ್ಪಲಿಯೂ ಇರಲಿಲ್ಲ. ಕಸ ಹೊಡೆಯುವ ಹಣಮವ್ವ, ಪೂಜೆಯ ಮುಂದೆ ಕೆರ ಇರಬಾರದೆಂದು ಎಲ್ಲವನ್ನೂ ಎತ್ತಿ ಹೊರಗಿನ ಮೆಟ್ಟಿಲ ಹತ್ತಿರ ಇಟ್ಟಿದ್ದಳು. ಯಾರಾದರೂ ಅದನ್ನೇ ಮಾಡುತ್ತಿದ್ದರು. ಪುಸ್ತಕ ತೆರೆದರೆ ಎಲ್‌ಸಿ ವಾಪಸ್ ಆಗಿದೆ. ಅಂಗಳದಲ್ಲಿ ರೈತರ ಗದ್ದಲ. ಕಾಲುವೆಯಲ್ಲಿ ಅವರ ಪಾಳಿಯ ನೀರು ಹರಿಯುತ್ತಿದೆ, ಸಂಜೆಗೆ ಬಂದ್ ಆಗುತ್ತದೆ, ಮೋಟರ್ ಓಡದಿದ್ದರೆ ಮೆಣಸಿನ ಗಿಡ ಹೋದಂತೆಯೇ. ಮುಂದೆ ನಿಂತು ಕೂಗುತ್ತಿದ್ದವನು ಶರಣಗೌಡ ಎಂಬ ದೊಡ್ಡ ಗಂಟಲಿನ ರೈತ. ಅಷ್ಟರಲ್ಲಿ ಸಾಹೇಬರ ಫೋನು: “ಪುಸ್ತಕದಾಗ ಕ್ಲಿಯರ್ ಅದ ಅಂದ್ರ ಇನ್ನೇನು ನೋಡ್ತಿ? ಲೈನ್ ಬಿಡು.”

ಪುಸ್ತಕವೇ ದೊಡ್ಡದು ಎನ್ನುವ ಮನುಷ್ಯನಿಗೆ ಪುಸ್ತಕವೇ ಬಿಡು ಎನ್ನುತ್ತಿದೆ. ನರಸಪ್ಪ ಪ್ಯಾನಲ್ಲಿನ ಕಡೆ ನಡೆದ. ಸ್ವಿಚ್ಚಿನ ಹಿಡಿಕೆ ಮುಟ್ಟುವ ಮೊದಲು ಕಾಲ ಕೆಳಗೆ ರಬ್ಬರ್ ಮ್ಯಾಟ್ ಇರಬೇಕು. ಅದು ಅಲ್ಲಿರಲಿಲ್ಲ. ಹಣಮವ್ವ ಅದನ್ನೂ ತೊಳೆದು ಹೊರಗೆ ಬಿಸಿಲಿಗೆ ಹಾಕಿದ್ದಳು. ಬೇರೆ ಯಾರೇ ಆಗಿದ್ದರೂ ಆ ಗದ್ದಲದಲ್ಲಿ ಮ್ಯಾಟ್ ಇಲ್ಲದೆ ಹಿಡಿಕೆ ಎಳೆದುಬಿಡುತ್ತಿದ್ದರು. ನರಸಪ್ಪನ ನಿಯಮ ನರಸಪ್ಪನದು. ಮ್ಯಾಟ್ ತರಲು ಹೊರಗೆ ಬಂದ. ಮೆಟ್ಟಿಲ ಹತ್ತಿರ ರೈತರ ಚಪ್ಪಲಿಗಳು ಜೋಡಿ ಜೋಡಿಯಾಗಿ ಬಿದ್ದಿದ್ದವು. ಅವುಗಳ ಪಕ್ಕಕ್ಕೆ ಗೋಡೆಗೆ ಹತ್ತಿ ಎರಡು ಎಡಗಾಲ ಚಪ್ಪಲಿ, ಎರಡೂ ಒಂಟಿ. ಒಂದು ಟೈರಿನದು, ಉಂಗುಟಕ್ಕೆ ತಾಮ್ರದ ತಂತಿ ಸುತ್ತಿದ್ದು. ಅದು ಸಾಯಿಬಣ್ಣನದು ಎಂದು ಇಡೀ ಸೆಕ್ಷನ್ನಿಗೆ ಗೊತ್ತು. ಇನ್ನೊಂದು ನನ್ನದು.

ನರಸಪ್ಪ ಮ್ಯಾಟ್ ಅಲ್ಲೇ ಕೆಡವಿದ. ಆ ಎರಡು ಚಪ್ಪಲಿಗಳನ್ನು ಕೈಗೆತ್ತಿಕೊಂಡು ಮೆಟ್ಟಿಲ ಮೇಲೆ ಕುಸಿದು ಕೂತ. ಬೆಳ್ಳನೆಯ ಹಬ್ಬದ ಪಂಚೆಯ ಮೇಲೆ ಕೆಸರು ಚಪ್ಪಲಿ. ಶರಣಗೌಡ, “ಏನ್ರಿ ಇದು, ಲೈನ್ ಬಿಡ್ರಿ ಅಂದ್ರ ಕೆರ ಹಿಡ್ಕೊಂಡು ಕುಂತೀರಿ!” ಎಂದು ಅಬ್ಬರಿಸಿದ. ಒಳಗೆ ಫೋನು ಮತ್ತೆ ಕೂಗಿತು. ನರಸಪ್ಪ ಎದ್ದು ಹೋಗಿ, ಚಪ್ಪಲಿ ಕಂಕುಳಲ್ಲಿಟ್ಟುಕೊಂಡೇ ಫೋನ್ ಎತ್ತಿದ.

“ಸಾಹೇಬ್ರ, ಬುಕ್ಕು ಎಲ್ಲಾರೂ ಇಳದಾರ ಅಂತದ. ಚಪ್ಪಲಿ ಇಳದಿಲ್ಲ ಅಂತಾವ.”

“ನಾ ಹುಕುಂ ಮಾಡಾಕತ್ತೇನಿ ನರಸಪ್ಪ, ಲೈನ್ ಬಿಡು!”

“ಈ ಎರಡು ಕಾಲು ಬಂದು ಕೆರ ಕೇಳೋತನ ಬಿಡಂಗಿಲ್ರಿ. ನನ್ನ ಸಸ್ಪೆಂಡ್ ಮಾಡ್ರಿ.”

ಫೋನಿಟ್ಟವನು ಹೊರಗೆ ಬಂದು ಶರಣಗೌಡನಿಗೆ, “ಗೌಡ್ರ, ನಿಮ್ಮ ಗಾಡಿ ತಗೊಂಡು ಏರಿ ಮ್ಯಾಲ ಹೋಗಿ ನೋಡಿ ಬರ್ರಿ. ಕಂಬದ ಮ್ಯಾಲ ಯಾರೂ ಇಲ್ಲಂದ್ರ ನೀವು ಬಂದು ನನ್ನ ಈ ಕೆರದಿಂದನ ಹೊಡಿರಿ” ಎಂದ.

ಇನ್ನು ನಾನು ಕಣ್ಣಾರೆ ಕಂಡದ್ದು. ತಂತಿಯ ಎರಡು ತುದಿಗಳನ್ನು ಬರಿಗೈಯಲ್ಲಿ ಹಿಡಿದು ನಾನು ಗಂಟು ಹಾಕುತ್ತಿದ್ದೆ. ಸಾಯಿಬಣ್ಣ ಪಕ್ಕದ ಕಂಬದ ಮೇಲೆ ತಂತಿ ಜಗ್ಗಿ ಹಿಡಿದು ಏನೋ ಹಾಡಿಕೊಳ್ಳುತ್ತಿದ್ದ. ಕೆಳಗೆ ಕಾಲುವೆಯ ನೀರು ತುಂಬಿ ಹರಿಯುತ್ತಿತ್ತು. ಏರಿಯ ಮೇಲೆ ಒಂದು ಟಿವಿಎಸ್ ಗಾಡಿ ಕೆಸರು ಸಿಡಿಸುತ್ತ ಬಂತು. ಅದರಿಂದ ಇಳಿದ ದಪ್ಪ ಮನುಷ್ಯ ತಲೆ ಎತ್ತಿ ನಮ್ಮಿಬ್ಬರನ್ನು ನೋಡಿದ. ಬೈಯಲು ಬಂದಿದ್ದಾನೆ ಎಂದುಕೊಂಡು ನಾನೂ ಒಂದು ಮಾತು ಸಿದ್ಧ ಮಾಡಿಕೊಂಡೆ. ಅವನು ಬೈಯಲಿಲ್ಲ. ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಏರಿಯ ಮೇಲೆ ಕೂತುಬಿಟ್ಟ. “ಇಳೀರಿ ಎಪ್ಪಾ, ಮೊದಲ ಇಳೀರಿ. ನಾನೇ ಲೈನ್ ಬಿಡ್ರಿ ಅಂತ ಒದರಾಕತ್ತಿದ್ನೆಪ್ಪಾ” ಎನ್ನುವಾಗ ಆ ದೊಡ್ಡ ಗಂಟಲು ಒಡೆದು ಹೋಗಿತ್ತು.

ಇಳಿದು ಬಂದು ವಿಷಯ ಕೇಳಿ ನಾವೂ ಅವನ ಪಕ್ಕಕ್ಕೆ ಏರಿಯ ಮೇಲೆ ಕೂತೆವು. ಶರಣಗೌಡ ಕಾಲುವೆಯ ನೀರನ್ನೇ ಬೊಗಸೆಯಲ್ಲಿ ತಂದು ನಮ್ಮ ಮುಖಕ್ಕೆ ಹಾಕಿ, ತನ್ನ ಮುಖಕ್ಕೂ ಹಾಕಿಕೊಂಡ. ಆಮೇಲೆ ಮೂವರೂ ಕಾರಣವಿಲ್ಲದೆ ನಗತೊಡಗಿದೆವು. ಜೀವ ಇದೆಯಲ್ಲ ಎಂಬ ಹಿಗ್ಗಿಗೆ ಇನ್ನೇನು ಮಾಡಬೇಕೆಂದು ನಮಗೆ ಗೊತ್ತಾಗಲಿಲ್ಲ. ಉಳಿದಿದ್ದ ಗಂಟನ್ನು, ಗೌಡ ಹೋಗಿ ತಂದ ಸರಪಳಿ ಬಿಗಿದುಕೊಂಡೇ ಹಾಕಿದೆವು. ಹೊತ್ತು ಮುಳುಗುವ ಮೊದಲು ಮೋಟರುಗಳು ಓಡಿದವು. ಮೆಣಸಿನ ಗಿಡಗಳೂ ಉಳಿದವು.

ಸಬ್‌ಸ್ಟೇಷನ್ನಿಗೆ ಬಂದಾಗ ನರಸಪ್ಪ ಇನ್ನೂ ಮೆಟ್ಟಿಲ ಮೇಲೇ ಇದ್ದ. ನಾನು ಎಲ್‌ಸಿ ವಾಪಸ್ ಮಾತು ಹೇಳಿದೆ. ಅವನು ಎದ್ದು ನಿಂತು ನನ್ನ ಚಪ್ಪಲಿಯನ್ನು ಎರಡು ಕೈಯಲ್ಲಿ ಹಿಡಿದು ಕೊಟ್ಟ. ಅದು ಯಾರ ಚಪ್ಪಲಿ, ಯಾವ ಮನೆಯವನ ಚಪ್ಪಲಿ ಎಂಬುದೆಲ್ಲ ಅವನಿಗೆ ಚೆನ್ನಾಗಿ ಗೊತ್ತಿತ್ತು. ವರ್ಷದಿಂದ ನನ್ನ ಎದೆಯಲ್ಲಿ ಕೂತಿದ್ದ ಅನುಮಾನ ಅವತ್ತು ಎದ್ದು ಹೋಯಿತು. ಜೀವ ಉಳಿದದ್ದು ಒಂದು ಸಮಾಧಾನವಾದರೆ ಇದು ಇನ್ನೊಂದು. ಯಾವುದು ಹೆಚ್ಚು ಎಂದು ಕೇಳಿದರೆ ಹೇಳಲಾರೆ.

ಸಾಹೇಬರು ಕೆಟ್ಟವರಾಗಿರಲಿಲ್ಲ. ಸಂಜೆ ಜೀಪಿನಲ್ಲಿ ಓಡಿ ಬಂದು, ನಮ್ಮಿಬ್ಬರ ಹೆಗಲ ಮೇಲೆ ಕೈಯಿಟ್ಟು ನಿಂತರು. ಮೇಲಿನವರಿಗೆ ಬರೆದೂ ಬರೆದೂ ತಂಡಕ್ಕೊಂದು ಸರಪಳಿ ತರಿಸಿದರು. ಎಷ್ಟು ತಂಡವೋ ಅಷ್ಟು ಬೇರೆ ಬೇರೆ ಎಲ್‌ಸಿ ಬರೆಯಬೇಕೆಂದು ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆಸಿದರು. ನರಸಪ್ಪನೋ, ಚಪ್ಪಲಿ ಇಡಲು ಪ್ಯಾನಲ್ಲಿನ ಪಕ್ಕಕ್ಕೆ ಒಂದು ಮರದ ಹಲಗೆ ಹೊಡೆಸಿದ. ಖಂಡೆ ಪೂಜೆಯ ದಿನ ಅದಕ್ಕೂ ಒಂದು ಹೂವು ಇಡುತ್ತಿದ್ದ. ಹಣಮವ್ವ ಆಮೇಲೆ ಆ ಹಲಗೆಯನ್ನು ಒರೆಸುವಳೇ ಹೊರತು ಅದರ ಮೇಲಿನದನ್ನು ಸರಿಸುತ್ತಿರಲಿಲ್ಲ.

ಈಗಿನವರೇ, ನಿಮಗೆ ಚಪ್ಪಲಿ ಬಿಡಿ ಎಂದು ನಾನು ಹೇಳುವುದಿಲ್ಲ. ಬೂಟು ಹಾಕಿಕೊಳ್ಳಿ, ಕೈಗವಸು ಹಾಕಿಕೊಳ್ಳಿ, ಸರಪಳಿ ಬಿಗಿಯದೆ ತಂತಿ ಮುಟ್ಟಬೇಡಿ. ಕಂಬದ ಬುಡದಲ್ಲೇ ನಿಂತು ಮೊಬೈಲಿನಲ್ಲಿ ಎಲ್‌ಸಿ ಕೇಳುತ್ತೀರಿ, ಒಳ್ಳೆಯದು. ಆದರೆ ನಿಮ್ಮ ಆಪರೇಟರನ ಮುಖ ನೋಡಿದ್ದೀರಾ? ಅವನ ಕೂಡ ಒಮ್ಮೆಯಾದರೂ ಕೂತು ಚಹಾ ಕುಡಿಯಿರಿ. ಗದ್ದಲ ಎದ್ದಾಗ, ಮೇಲಿನವರ ಫೋನು ಬಂದಾಗ, ಅವನ ಕಣ್ಣಿಗೆ ನಿಮ್ಮದೇನಾದರೂ ಕಾಣುವಂತಿರಬೇಕು. ನಮ್ಮದು ಚಪ್ಪಲಿಯಾಗಿತ್ತು, ನಿಮ್ಮದು ಏನೆಂದು ನೀವೇ ಹುಡುಕಿಕೊಳ್ಳಿ.

ನನ್ನ ನಿವೃತ್ತಿ ಯಾದಗಿರಿಯ ಕಚೇರಿಯಲ್ಲಾಯಿತು. ಮೊದಲೇ ನಿವೃತ್ತನಾಗಿದ್ದ ಸಾಯಿಬಣ್ಣ ತಿಂಥಣಿಯಿಂದ ಬಂದು ಭಾಷಣ ಮಾಡಿದ. ಅವನನ್ನು ನಿಲ್ಲಿಸಲು ಮೈಕಿನ ವೈರ್ ಕೀಳಬೇಕಾಯಿತು. ಗುರುಮಿಠಕಲ್‌ನಿಂದ ನರಸಪ್ಪನೂ ಬಸ್ಸು ಹತ್ತಿ ಬಂದಿದ್ದ. ಅವನೂ ನಿವೃತ್ತ, ಕೂದಲೆಲ್ಲ ಬೆಳ್ಳಗೆ, ಅಂಗಿ ಈಗಲೂ ಅದಕ್ಕಿಂತ ಬೆಳ್ಳಗೆ. ಹಾರ ಶಾಲು ಎಲ್ಲ ಮುಗಿದು ಹೊರಗೆ ಬಂದರೆ ಬಾಗಿಲಲ್ಲಿ ನನ್ನ ಬಲಗಾಲ ಚಪ್ಪಲಿ ಮಾತ್ರ ಇತ್ತು. ಎಡದ್ದು ಇಲ್ಲ. ಹೊಸ ಚಪ್ಪಲಿ, ಮಗಳು ಈ ಸಮಾರಂಭಕ್ಕೆಂದೇ ಕೊಡಿಸಿದ್ದು. ನನಗೆ ರೇಗಿತು. “ಇವತ್ತೂ ಸಹಿತ ನನ್ನ ಚಪ್ಪಲಿಗಿ ಕೈ ಹಾಕಿದವ ಯಾರಲೇ?” ಎಂದು ಕೂಗಿದೆ.

ನರಸಪ್ಪ ಮುಂದೆ ಬಂದ. ಎಡಗಾಲ ಚಪ್ಪಲಿ ಅವನ ಕೈಯಲ್ಲಿತ್ತು. “ಮರೆಪ್ಪಣ್ಣ, ಸೇರಿದ ದಿನ ತಗೊಂಡ ಎಲ್‌ಸಿ ಇನ್ನೂ ನಿನ್ನ ಹೆಸರಿಲೆ ಅದ. ಮೊದಲ ವಾಪಸ್ ಮಾಡು, ಆಮ್ಯಾಲ ಕೊಡ್ತೀನಿ” ಎಂದ.

ಎಲ್ಲರೂ ನಕ್ಕರು. ನಾನೂ ನಗುತ್ತಲೇ, ಸಾವಿರ ಸಲ ಹೇಳಿದ ಮಾತಲ್ಲವೇ ಎಂದು ಬಾಯಿ ತೆರೆದೆ. “ಮಂದಿ...” ಎಂದೆ. ತಲೆ ಎತ್ತಿದೆ. ಎದುರಿಗೆ ಸಾಯಿಬಣ್ಣ ನಿಂತಿದ್ದ, ಎರಡು ಕಾಲ ಮೇಲೆ, ಗಟ್ಟಿಮುಟ್ಟಾಗಿ. ಅವನನ್ನೇ ನೋಡುತ್ತ ಪೂರ್ತಿ ಹೇಳಿದೆ: “ಮಂದಿ, ಸಾಮಾನು ಎಲ್ಲಾ ಇಳದಾವ. ಎಲ್‌ಸಿ ವಾಪಸ್.” ನರಸಪ್ಪ ಅವತ್ತಿನ ಹಾಗೆಯೇ ಎರಡು ಕೈಯಲ್ಲಿ ಚಪ್ಪಲಿ ಕೊಟ್ಟ.

ಮನೆಗೆ ಬಂದೆ. ನಾಗಮ್ಮ ಬಾಗಿಲಲ್ಲಿದ್ದಳು. ಕೊರಳಲ್ಲಿ ಹಾರ, ಹೆಗಲಲ್ಲಿ ಶಾಲು ಎಲ್ಲ ಇದ್ದರೂ ಅವಳು ರೂಢಿಯಂತೆ ನನ್ನ ಕಾಲು ನೋಡಿದಳು. ಬಹಳ ಹೊತ್ತು ನೋಡಿದಳು.

“ಎರಡೂ ಅದಾವ,” ಎಂದಳು. “ಇನ್ನ ನಾಳಿಂದ ಮುಖಾ ನೋಡ್ತೀನಿ.”